ಮೂರು ಕಾದಂಬರಿ, ಮೂರು ಬಗೆಯ ದೇವದೂತರು

ನಮ್ಮ ಅಜ್ಜಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪ್ರಾರ್ಥನೆಗೆ ಕೂರುತ್ತಿದ್ದರು. ಬೀದಿಯವರ ಹೆಸರು, ನೆಂಟರ ಹೆಸರು, ಜಗಳ ಆಡಿಕೊಂಡವರ ಹೆಸರು, ಎಲ್ಲವನ್ನೂ ಒಂದೊಂದಾಗಿ ಹೇಳುತ್ತಿದ್ದರು. ಚಾಪೆ ಮೇಲೆ ಮಲಗಿದ್ದ ನಮಗೆ ಅದು ಬರೀ ಗುನುಗು. ಆ ಗುನುಗಿಗೆ ಕಾಣದ ಕಡೆ ಏನೋ ಕದಲುತ್ತಿರಬಹುದು ಅಂತ ನನಗೆ ಮೊದಲ ಸಲ ಅನ್ನಿಸಿದ್ದು ಒಂದು ಕಾದಂಬರಿ ಓದುವಾಗ. ಅಷ್ಟು ಹೊತ್ತಿಗೆ ಅಜ್ಜಿ ಹೋಗಿ ಎಷ್ಟೋ ವರ್ಷ ಆಗಿತ್ತು.

ಆ ಕಾದಂಬರಿ ಫ್ರಾಂಕ್ ಪೆರೆಟ್ಟಿ ಬರೆದ ‘ದಿಸ್ ಪ್ರೆಸೆಂಟ್ ಡಾರ್ಕ್‌ನೆಸ್’. 1986ರಲ್ಲಿ ಅಮೆರಿಕದಲ್ಲಿ ಬಂದದ್ದು. ಆಮೇಲೆ ಇದೇ ಬಗೆಯವು ಬೇಕು ಅಂತ ಹುಡುಕಿ ಇನ್ನೆರಡು ಓದಿದೆ: ಮ್ಯಾಡಲಿನ್ ಲೆಂಗಲ್ ಅವರ ‘ಎ ವಿಂಡ್ ಇನ್ ದ ಡೋರ್’ (1973), ಸಿ.ಎಸ್. ಲೂಯಿಸ್ ಅವರ ‘ಪೆರೆಲಾಂಡ್ರಾ’ (1943). ಮೂರನ್ನೂ ಇಂಗ್ಲಿಷಿನಲ್ಲೇ ಓದಿದ್ದು. ಆ ವರ್ಷ ನಮ್ಮ ಚರ್ಚಿನ ಹಾಡುವ ತಂಡ, ಕ್ವಾಯರ್‌ನಲ್ಲಿ ಹಿರಿಯರೊಬ್ಬರ ಜೊತೆ ನಾನು ಮಾತು ಬಿಟ್ಟಿದ್ದೆ. ಹಾಗಾಗಿ ಯಾವ ಪುಸ್ತಕ ತೆರೆದರೂ ಅವರ ಮುಖ ನಡುವೆ ಬಂದು ನಿಲ್ಲುತ್ತಿತ್ತು. ನನ್ನ ಹೋಲಿಕೆಯೂ ಅಲ್ಲಿಂದಲೇ ಶುರುವಾಯಿತು.

ಪೆರೆಟ್ಟಿ ಪುಸ್ತಕ ಹಿಡಿದರೆ ಬಿಡುವ ಹಾಗಿಲ್ಲ. ಆ್ಯಶ್ಟನ್ ಅನ್ನುವ ಚಿಕ್ಕ ಕಾಲೇಜು ಊರು. ಹುಣ್ಣಿಮೆ ರಾತ್ರಿ ಹೆದ್ದಾರಿಯಲ್ಲಿ ಕೂಲಿಯವರ ಬಟ್ಟೆ ತೊಟ್ಟ ಇಬ್ಬರು ಎತ್ತರದ ಆಳುಗಳು ನಡೆದು ಬರುತ್ತಾರೆ. ಅವರು ದೇವದೂತರು. ಸಣ್ಣ ಚರ್ಚಿನೊಳಗೆ ಹ್ಯಾಂಕ್ ಬುಷ್ ಅನ್ನುವ ಯುವ ಸಭಾಪಾಲಕ ಒಬ್ಬನೇ ಪ್ರಾರ್ಥನೆ ಮಾಡುತ್ತಿದ್ದಾನೆ. ಊರಿನ ಪತ್ರಿಕೆಯ ಸಂಪಾದಕ ಮಾರ್ಷಲ್ ಹೋಗನ್ ಬೇರೆ ದಾರಿಯಿಂದ ಅದೇ ಕೇಡಿನ ಜಾಡು ಹಿಡಿಯುತ್ತಾನೆ. ಮೇಲೆ ದೂತರ ದಂಡು, ಅದರ ನಾಯಕ ಟಾಲ್. ಎದುರಿಗೆ ಗಂಧಕದ ಉಸಿರು ಬಿಡುವ ದುರಾತ್ಮಗಳು.

ಇದರಲ್ಲಿ ನನ್ನನ್ನು ಹಿಡಿದದ್ದು ಕತ್ತಿ ಕಾಳಗ ಅಲ್ಲ. ಜನ ಪ್ರಾರ್ಥನೆ ಮಾಡಿದರೆ ದೂತರಿಗೆ ಬಲ ಬರುತ್ತದೆ, ನಿಲ್ಲಿಸಿದರೆ ಕತ್ತಿ ಹಿಡಿದ ಕೈ ಸೋಲುತ್ತದೆ. ಈಡಿತ್ ಡಸ್ಟರ್ ಅನ್ನುವ ಮುದುಕಿ, ನಿವೃತ್ತ ಮಿಷನರಿ, ಮೊಣಕಾಲೂರಿದಾಗ ಇಡೀ ದಂಡು ಚೇತರಿಸಿಕೊಳ್ಳುತ್ತದೆ. ಅಲ್ಲಿ ಪುಸ್ತಕ ಮಡಚಿ ಅಜ್ಜಿಯನ್ನು ನೆನೆದು ಅತ್ತುಬಿಟ್ಟೆ. ಮಾರನೆ ದಿನ ಬೆಳಿಗ್ಗೆ ಐದಕ್ಕೆ ಎದ್ದು ಕೂತೆ. ಚರ್ಚಿನಲ್ಲಿ ಕೇಳಿದ ಯಾವ ಪ್ರಸಂಗವೂ ನನ್ನನ್ನು ಆ ಹೊತ್ತಿಗೆ ಎಬ್ಬಿಸಿರಲಿಲ್ಲ.

ಕಥೆಗೆ ಬೈಬಲಿನ ಬೇರು ಗಟ್ಟಿಯಾಗಿದೆ. ಶೀರ್ಷಿಕೆ ಎಫೆಸದವರಿಗೆ ಬರೆದ ಪತ್ರದ ಆರನೇ ಅಧ್ಯಾಯದ ಮಾತಿನದು. ದಾನಿಯೇಲನ ಹತ್ತನೇ ಅಧ್ಯಾಯದಲ್ಲಿ ಪಾರಸಿಯ (ಪರ್ಷಿಯ ದೇಶದ) ಅಧಿಪತಿ ಅನ್ನುವ ಕಾಣದ ಶಕ್ತಿ ದೂತನನ್ನು 21 ದಿನ ತಡೆದು ನಿಲ್ಲಿಸುತ್ತದೆ, ಮೀಕಾಯೇಲ ಅನ್ನುವ ಪ್ರಧಾನ ದೂತ ಬಂದು ನೆರವಾಗುತ್ತಾನೆ ಅಲ್ವಾ? ಪೆರೆಟ್ಟಿಯ ಊರಿನ ಮೇಲೆ ಕೂತ ದುರಾತ್ಮಗಳ ನೆಲೆ ಅದೇ.

ಆದರೆ ಒಂದು ವಾರ ಕಳೆದ ಮೇಲೆ ನನ್ನೊಳಗೆ ಇನ್ನೊಂದು ಬದಲಾವಣೆ ಕಂಡೆ. ಕ್ವಾಯರ್‌ನ ಆ ಹಿರಿಯರನ್ನು ನೋಡಿದಾಗಲೆಲ್ಲ ಅವರ ಹೆಗಲ ಮೇಲೆ ಏನೋ ಕೂತಿದೆ ಅನ್ನಿಸತೊಡಗಿತು. ನನ್ನ ಹೆಗಲ ಮೇಲೆ ಏನಿದೆ ಅಂತ ಒಮ್ಮೆಯೂ ನೋಡಿಕೊಳ್ಳಲಿಲ್ಲ. ಇನ್ನೊಂದು ತೊಡಕೂ ಇದೆ. ಈ ಕಾದಂಬರಿಯಲ್ಲಿ ಪೂರ್ವದೇಶದ ಧ್ಯಾನ ಅಂದರೆ ನೇರವಾಗಿ ದುರಾತ್ಮಗಳಿಗೆ ಬಾಗಿಲು. ಅಮೆರಿಕದ ಸಣ್ಣ ಊರಿನಲ್ಲಿ ಅದು ದೂರದ ವಿಷಯ. ನಮ್ಮಲ್ಲಿ ಹಾಗಲ್ಲ. ನನ್ನ ಪಕ್ಕದ ಮನೆಯವರು ದಿನಾ ಧ್ಯಾನ ಮಾಡುತ್ತಾರೆ, ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ದಿನ ಊಟ ತಂದುಕೊಟ್ಟವರು ಅವರೇ. ಅವರ ಬಗ್ಗೆ ಹಾಗೆ ಯೋಚಿಸುವುದು ನನ್ನಿಂದ ಆಗುವುದಿಲ್ಲ, ಆಗಬಾರದು ಕೂಡ.

ಲೆಂಗಲ್ ಪುಸ್ತಕ ಮಕ್ಕಳಿಗೆ ಅಂತ ಬರೆದದ್ದು. ಮೆಗ್ ಅನ್ನುವ ಹುಡುಗಿ, ಕಾಯಿಲೆ ಬಿದ್ದ ಆರು ವರ್ಷದ ತಮ್ಮ ಚಾರ್ಲ್ಸ್ ವಾಲೆಸ್. ತರಕಾರಿ ತೋಟದಲ್ಲಿ ಡ್ರ್ಯಾಗನ್‌ಗಳಿವೆ ಅಂತ ತಮ್ಮ ಹೇಳುತ್ತಾನೆ. ಹೋಗಿ ನೋಡಿದರೆ ಅದು ಒಬ್ಬನೇ ಕೆರೂಬಿ, ಅಂದರೆ ಒಂದು ಬಗೆಯ ದೇವದೂತ! ಲೆಕ್ಕಕ್ಕೆ ಸಿಗದಷ್ಟು ರೆಕ್ಕೆ, ತೆರೆದು ಮುಚ್ಚುವ ನೂರಾರು ಕಣ್ಣು, ನಡುನಡುವೆ ಬೆಂಕಿ, ಹೊಗೆ. ಬೈಬಲಿನಲ್ಲಿ ಯೆಹೆಜ್ಕೇಲನ ಪುಸ್ತಕ ಓದಿದವರಿಗೆ ಗುರುತು ಹತ್ತುತ್ತದೆ. ಹೆಸರು ಪ್ರೊಜಿನಾಸ್ಕೀಸ್. ಅವನಿಗೆ ಹಿಂದೆ ಸಿಕ್ಕಿದ್ದ ಕೆಲಸ ಎಲ್ಲ ನಕ್ಷತ್ರಗಳ ಹೆಸರು ಬಾಯಿಪಾಠ ಮಾಡುವುದು. ದೇವರು ನಕ್ಷತ್ರಗಳನ್ನು ಹೆಸರಿಟ್ಟು ಕರೆಯುತ್ತಾನೆ ಅಂತ 147ನೇ ಕೀರ್ತನೆಯಲ್ಲಿ ಇದೆಯಲ್ಲ, ಅದು ಇಲ್ಲಿ ಒಬ್ಬ ದೂತನ ದುಡಿಮೆಯಾಗಿದೆ. ನನಗೆ ಇದು ತುಂಬಾ ಇಷ್ಟ.

ಇಲ್ಲಿ ಶತ್ರುಗಳು ಎಕ್‌ಥ್ರಾಯ್. ಇರುವುದನ್ನು ಇಲ್ಲವಾಗಿಸುವುದು ಅವರ ಕೆಲಸ. ಅದಕ್ಕೆ ಎದುರು ಮದ್ದು ಹೆಸರಿಟ್ಟು ಕರೆಯುವುದು. ಮೆಗ್‌ಗೆ ಸಿಗುವ ಮೊದಲ ಪರೀಕ್ಷೆ ನೋಡಿ. ಅವಳು ದ್ವೇಷಿಸುವ ಹೆಡ್‌ಮಾಸ್ಟರ್ ಜೆಂಕಿನ್ಸ್ ಒಬ್ಬರಲ್ಲ, ಮೂವರಾಗಿ ಎದುರಿಗೆ ನಿಂತಿದ್ದಾರೆ. ಇಬ್ಬರು ನಕಲಿ. ನಿಜವಾದವರನ್ನು ಗುರುತಿಸಿ ಹೆಸರಿಡಬೇಕಾದರೆ ಅವರ ಮೇಲೆ ಪ್ರೀತಿ ಬೇಕು. ಪ್ರೀತಿ ಎಲ್ಲಿಂದ ತರುವುದು? ಕೊನೆಗೆ ಒಂದು ಜೊತೆ ಬೂಟು ನೆರವಾಗುತ್ತದೆ. ಬಡ ಹುಡುಗ ಕ್ಯಾಲ್ವಿನ್‌ಗೆ ಜೆಂಕಿನ್ಸ್ ಒಮ್ಮೆ ಹೊಸ ಬೂಟು ಕೊಂಡು, ಅವನಿಗೆ ಮುಜುಗರ ಆಗದಿರಲಿ ಅಂತ ಅವು ಹಳೆಯವು ಅನ್ನಿಸುವ ಹಾಗೆ ಮಾಡಲು ನೋಡಿದ್ದರು.

ಅದನ್ನು ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಕ್ವಾಯರ್‌ನ ಆ ಹಿರಿಯರು ಮಳೆ ಬಂದ ದಿನ ಹಾಡಿನ ಪುಸ್ತಕಗಳನ್ನೆಲ್ಲ ತಮ್ಮ ಮನೆಗೆ ಒಯ್ದು, ಒಂದೊಂದೇ ಹಾಳೆ ಬಿಡಿಸಿ ಒಣಗಿಸಿ ತಂದಿದ್ದರು. ನನಗೆ ಅದು ಮರೆತೇ ಹೋಗಿತ್ತು. ಮುಂದಿನ ಭಾನುವಾರ ನಾನೇ ಹೋಗಿ ಮಾತಾಡಿಸಿದೆ.

ಎರಡನೇ ಅರ್ಧ ನನಗೆ ಅಷ್ಟು ಹಿಡಿಸಲಿಲ್ಲ. ಕಥೆ ತಮ್ಮನ ಜೀವಕೋಶದ ಮೈಟೊಕಾಂಡ್ರಿಯದ ಒಳಗೆ ಇಳಿಯುತ್ತದೆ. ಯಾರು ಎಲ್ಲಿದ್ದಾರೆ ಅಂತ ತಿಳಿಯದೆ ಎರಡೆರಡು ಸಲ ಹಿಂದಕ್ಕೆ ಹೋಗಬೇಕಾಯಿತು. ಮಾತು ಜಾಸ್ತಿ, ನೋಟ ಕಡಿಮೆ.

‘ಪೆರೆಲಾಂಡ್ರಾ’ ಓದುವುದು ಮೂರರಲ್ಲಿ ಕಷ್ಟ. ಭಾಷಾಪಂಡಿತ ರ‍್ಯಾನ್ಸಮ್ ಶುಕ್ರಗ್ರಹಕ್ಕೆ ಹೋಗಿ, ಅಲ್ಲಿನ ಮೊದಲ ಸ್ತ್ರೀ ಶೋಧನೆಗೆ, ಅಂದರೆ ಪಾಪದ ಆಮಿಷಕ್ಕೆ, ಬೀಳದ ಹಾಗೆ ಕಾಯಬೇಕು. ನಡುವಿನ ವಾದ ಬಹಳ ಉದ್ದ. ನಾನು ಎರಡು ಸಲ ಬಿಟ್ಟು ಮತ್ತೆ ಹಿಡಿದೆ. ಇದು 1938ರಲ್ಲಿ ಶುರುವಾದ ಮೂರು ಪುಸ್ತಕಗಳ ಸಾಲಿನಲ್ಲಿ ಎರಡನೆಯದು, ಆದರೂ ಬೇರೆಯಾಗಿಯೇ ಓದಬಹುದು.

ಆದರೆ ಅದರ ದೂತ! ಲೂಯಿಸ್ ತಮ್ಮ ದೂತರನ್ನು ಎಲ್ಡಿಲ್ ಅಂತ ಕರೆಯುತ್ತಾರೆ. ಆರಂಭದಲ್ಲೇ ಕತ್ತಲ ಮನೆಯೊಳಗೆ ಒಂದು ಬೆಳಕಿನ ಕಂಬ. ಅಷ್ಟೇ. ರೆಕ್ಕೆ ಇಲ್ಲ, ಕತ್ತಿ ಇಲ್ಲ. ಬಣ್ಣಕ್ಕೆ ಹೆಸರಿಲ್ಲ. ಕಂಬ ನೆಲಕ್ಕೆ ನೆಟ್ಟಗಿಲ್ಲ, ಸ್ವಲ್ಪ ವಾಲಿದೆ. ನೋಡುತ್ತ ನೋಡುತ್ತ, ಅದೇ ನೇರವಾಗಿದೆ, ನಮ್ಮ ನೆಲವೇ ಓರೆ ಅನ್ನಿಸಿಬಿಡುತ್ತದೆ. ನೋಡುವವನಿಗೆ ಭಯ. ಅದು ಕೆಟ್ಟದ್ದು ಅಂತಲ್ಲ, ಒಳ್ಳೆಯದು ಅಂತ ಗೊತ್ತಾದದ್ದಕ್ಕೇ ಭಯ. ಬೈಬಲಿನಲ್ಲಿ ದೂತರು ಬಂದ ಕೂಡಲೇ ಹೆದರಬೇಡ ಅನ್ನುತ್ತಾರಲ್ಲ, ಯಾಕೆ ಅಂತ ನನಗೆ ಆ ಪುಟದಲ್ಲಿ ತಿಳಿಯಿತು. ಕ್ರಿಸ್ಮಸ್ ಕಾರ್ಡಿನ ಗುಂಡುಕೆನ್ನೆಯ ಮಗುವಿಗೆ ಹೆದರುವುದಕ್ಕೆ ಏನಿದೆ?

ನನಗೆ ದೂತ ಅಂದರೆ ಈಗ ಆ ವಾಲಿದ ಕಂಬವೇ. ಪೆರೆಟ್ಟಿಯ ದೂತರು ಒಳ್ಳೆಯ ಯೋಧರು, ಆದರೆ ಹೆಚ್ಚುಕಡಿಮೆ ನಮ್ಮಂಥವರೇ, ನಮಗಿಂತ ಎತ್ತರ ಅಷ್ಟೇ. ಲೂಯಿಸ್ ಓದಿದ ರಾತ್ರಿ ನನಗೆ ಪ್ರಾರ್ಥನೆಗೆ ಮಾತು ಸಿಗಲಿಲ್ಲ. ಪೆರೆಟ್ಟಿ ಓದಿದಾಗ ಮಾತು ನಿಲ್ಲುತ್ತಿರಲಿಲ್ಲ.

ಪ್ರಾರ್ಥನೆ ಒಣಗಿದೆ ಅನ್ನುವವರಿಗೆ ನಾನು ಪೆರೆಟ್ಟಿಯನ್ನೇ ಕೊಡುತ್ತೇನೆ. ಆದರೆ ಯಾರ ಮೇಲಾದರೂ ಸಿಟ್ಟಿದ್ದರೆ ಅದು ಇಳಿಯುವ ತನಕ ಬೇಡ ಅನ್ನುತ್ತೇನೆ. ಬೈಬಲ್ ಚೆನ್ನಾಗಿ ಓದಿಕೊಂಡು, ಇಂಗ್ಲಿಷ್ ಓದುವ ತಾಳ್ಮೆ ಇರುವವರಿಗೆ ಲೂಯಿಸ್. ನನ್ನ ತಮ್ಮನ ಮಗಳು ಎಂಟನೇ ಕ್ಲಾಸು, ಅವಳಿಗೆ ಲೆಂಗಲ್ ಪುಸ್ತಕ ಕೊಟ್ಟಿದ್ದೇನೆ. ನಿನ್ನೆ ಫೋನ್ ಮಾಡಿದ್ದಳು. ಮೂವರು ಜೆಂಕಿನ್ಸ್ ನಿಂತಿರುವ ಪುಟಕ್ಕೆ ಬಂದಿದ್ದಾಳಂತೆ. “ಅತ್ತೆ, ಯಾರು ನಿಜವಾದವರು ಅಂತ ಹೇಳಬೇಡಿ” ಅಂದು ಫೋನ್ ಇಟ್ಟಳು.