ಗಾಡಿಕೊಪ್ಪದ ಹಳೇ ಹೆಂಚಿನ ಮನೆ: ಒಂದು ಮಳೆಗಾಲ ಕಳೆದ ಮೇಲೆ

ಶಿವಮೊಗ್ಗದ ಕೋರ್ಟ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಹದಿನೆಂಟು ವರ್ಷದಿಂದ ಊರವರ ಕ್ರಯಪತ್ರ, ಇ.ಸಿ. (ಆಸ್ತಿ ಮೇಲಿನ ಋಣಭಾರ ತೋರಿಸೋ ಪತ್ರ), ಕಂದಾಯ ರಸೀದಿಗಳನ್ನೆಲ್ಲ ಪ್ರತಿ ತೆಗೆದುಕೊಟ್ಟವನು. ಹಾಗಾಗಿ ಸ್ವಂತಕ್ಕೆ ಮನೆ ನೋಡೋಕೆ ಹೊರಟಾಗ ನನ್ನನ್ನು ಯಾರೂ ಯಾಮಾರಿಸೋಕಾಗಲ್ಲ ಅನ್ನೋ ಜಂಬ ಇತ್ತು. ಕಾಗದದಲ್ಲಿ ಯಾಮಾರಲಿಲ್ಲ, ಅದು ನಿಜ.

ವಿನೋಬನಗರದ ಕಡೆ ಖಾಲಿ ಸೈಟಿನ ರೇಟು ಕೇಳಿಯೇ ವಾಪಸ್ ಬಂದಿದ್ದೆ. ಸಾಗರ ರಸ್ತೆಯ ಗಾಡಿಕೊಪ್ಪದಲ್ಲಿ, ಮೂವತ್ತು-ನಲವತ್ತು ಅಡಿ ಜಾಗದಲ್ಲಿ ಒಂದು ಹಳೇ ಹೆಂಚಿನ ಮನೆ, 26 ಲಕ್ಷ ಅಂದರು. 2025ರ ಫೆಬ್ರವರಿ ಅದು. "ಸಾರ್, ಏರ್‌ಪೋರ್ಟ್ ಆದ್ಮೇಲೆ ಈ ಕಡೆ ರೇಟು ನಿಲ್ತಾನೇ ಇಲ್ಲ" ಅಂದ ಬ್ರೋಕರ್. ಏರ್‌ಪೋರ್ಟ್ 2023ರಲ್ಲಿ ಆಗಿದ್ದು ಸೋಗಾನೆಯಲ್ಲಿ. ಗಾಡಿಕೊಪ್ಪದಿಂದ ಅಲ್ಲಿಗೆ ಹೋಗಬೇಕಂದ್ರೆ ಇಡೀ ಶಿವಮೊಗ್ಗ ದಾಟಬೇಕು. ಆದರೂ ತಲೆ ಆಡಿಸಿದೆ, ಮನೆ ಇಷ್ಟ ಆಗಿಬಿಟ್ಟಿತ್ತು.

ಇಂಥ ಮನೆ ಅಗ್ಗಕ್ಕೆ ಸಿಗೋಕೆ ಕಾರಣ ಇದೆ. ಕೊಳ್ಳೋರು ಬೆಲೆ ಕಟ್ಟೋದು ಜಾಗಕ್ಕೆ ಮಾತ್ರ. ಕೆಡವಿ ಮೂರಂತಸ್ತು ಏರಿಸಿ ಬಾಡಿಗೆಗೆ ಕೊಡೋ ಲೆಕ್ಕ ಅವರದ್ದು. ಮೇಲಿರೋ ಮನೆ ಅವರಿಗೆ ಬರೀ ಕೆಡವೋ ಖರ್ಚು. ನನಗೆ ಅದೇ ಮನೆ ಬೇಕಿತ್ತು. ಜಂಬಿಟ್ಟಿಗೆ ಗೋಡೆ, ಕೆಂಪು ಗಾರೆ ನೆಲ, ಮಧ್ಯಾಹ್ನ ಎರಡಕ್ಕೂ ತಂಪಾಗಿರೋ ನಡುಮನೆ. ಸ್ಕ್ರೂಡ್ರೈವರ್ ಹಿಡಿದು ಏಣಿ ಹತ್ತಿ ಪಕಾಸಿಗಳನ್ನು, ಅಂದರೆ ಹೆಂಚು ಹೊರೋ ಮರದ ತುಂಡುಗಳನ್ನು, ಒಂದೊಂದಾಗಿ ಚುಚ್ಚಿ ನೋಡಿದೆ. ಅಡುಗೆಮನೆ ಮೇಲಿನ ನಾಲ್ಕಕ್ಕೆ ಒರಲೆ ಹಿಡಿದಿತ್ತು, ಉಳಿದದ್ದು ಗಟ್ಟಿ. ಬದಲಾಯಿಸೋ ಖರ್ಚನ್ನು ಬೆಲೆಯಲ್ಲೇ ಇಳಿಸಿಕೊಂಡು ಬೀಗಿದೆ.

ಇ-ಖಾತೆ, ಅಂದರೆ ಆಸ್ತಿಯ ಕಂಪ್ಯೂಟರ್ ಖಾತೆ ದಾಖಲೆ, ಮುಂಚೆಯೇ ಆಗಿತ್ತು. ಈಗ ಅದಿಲ್ಲದೆ ನೋಂದಣಿಯೇ ಇಲ್ಲ, ಮೊದಲು ಅದನ್ನೇ ಕೇಳಿ. ಮೇ ತಿಂಗಳಲ್ಲಿ ರಿಜಿಸ್ಟರ್ ಆಯ್ತು. ಮುದ್ರಾಂಕ ಶುಲ್ಕ, ಸೆಸ್ಸು, ಸರ್ಚಾರ್ಜು, ನೋಂದಣಿ ಶುಲ್ಕ ಎಲ್ಲ ಸೇರಿ 6.6%. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ನಿಂದ 2%ಗೆ ಏರಿದೆ, ಈಗ ಕೊಳ್ಳೋರು 7.6% ಹಿಡ್ಕೊಳ್ಳಿ.

ಜೂನ್ ಎರಡನೇ ವಾರ, ರಾತ್ರಿಯಿಡೀ ಮಳೆ. ಬೆಳಿಗ್ಗೆ ಹೆಂಡತಿ "ರೀ, ಚಪ್ಪಲಿ ತೇಲ್ತಾ ಇದೆ" ಅಂದಳು. ಸೂರಿನಿಂದ ಒಂದು ಹನಿ ಸೋರಿರಲಿಲ್ಲ. ನೀರು ಬಂದದ್ದು ರಸ್ತೆಯಿಂದ, ಹೊಸ್ತಿಲು ದಾಟಿ, ನೆಂಟರ ಹಾಗೆ ಮುಂಬಾಗಿಲಲ್ಲೇ.

ಮೇಸ್ತ್ರಿ ಬಂದ. ಚೀಲದಿಂದ ಉದ್ದನೆಯ ಪಾರದರ್ಶಕ ಪೈಪು ತೆಗೆದು ನೀರು ತುಂಬಿ, ಒಂದು ತುದಿಯನ್ನು ರಸ್ತೆ ಅಂಚಿನಲ್ಲಿ ನನ್ನ ಕೈಗೆ ಕೊಟ್ಟ. ಇನ್ನೊಂದನ್ನು ಬಾಗಿಲ ಚೌಕಟ್ಟಿಗೆ ಹಿಡಿದು, ನೀರು ಅಲ್ಲಾಡೋದು ನಿಲ್ಲೋವರೆಗೆ ಬೀಡಿ ಬಾಯಲ್ಲಿಟ್ಟುಕೊಂಡು ಕಾದ; ನಿಂತ ಮೇಲೆ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟ. ಎರಡೂ ಕಡೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ ಟೇಪ್ ಹಿಡಿದ. ಹನ್ನೊಂದು ಇಂಚು. ನನ್ನ ನಡುಮನೆ ನೆಲಕ್ಕಿಂತ ರಸ್ತೆ ಹನ್ನೊಂದು ಇಂಚು ಮೇಲೆ! ಮನೆ ಕಟ್ಟಿದಾಗ ಎತ್ತರದಲ್ಲೇ ಇತ್ತಂತೆ. ಜಲ್ಲಿ ಹಾಕಿದರು, ಡಾಂಬರು ಹಾಕಿದರು, ಅದರ ಮೇಲೆ ಕಾಂಕ್ರೀಟು. ಹಳೇದನ್ನು ಯಾರೂ ಕೆತ್ತಿ ತೆಗೆಯಲಿಲ್ಲ. ಅಕ್ಕಪಕ್ಕದವರು ಕೆಡವಿ ಮಣ್ಣು ತುಂಬಿಸಿ ಕಟ್ಟಿದ್ದಾರೆ, ಅವರ ಅಂಗಳದ ನೀರೂ ನಮ್ಮ ಕಡೆಗೇ.

"ನೆಲ ಏರಿಸೋಣ?" ಅಂದೆ. "ಏರಿಸಬಹುದಣ್ಣಾ, ಆಮೇಲೆ ನೀವು ಬಾಗಿಲಲ್ಲಿ ಬಗ್ಗಿ ಓಡಾಡಬೇಕು." ಹಳೇ ಬಾಗಿಲು, ಮೊದಲೇ ಗಿಡ್ಡ. ಕೊನೆಗೆ ಗೇಟಿನ ಒಳಗೆ ಅಡ್ಡಲಾಗಿ ಕಾಲುವೆ ತೋಡಿ ಮೇಲೆ ಕಬ್ಬಿಣದ ಜಾಲರಿ, ಅಲ್ಲಿಂದ ಹಿತ್ತಲಿನ ತಗ್ಗು ಚರಂಡಿಗೆ ಪೈಪು, ಹೊಸ್ತಿಲ ಮುಂದೆ ಮೊಣಕಾಲೆತ್ತರದ ಕಟ್ಟೆ. ಒಟ್ಟು 1.4 ಲಕ್ಷ. ಆಗಸ್ಟ್ ಮಳೆಗೆ ನೀರು ಒಳಗೆ ಬರಲಿಲ್ಲ. ಕಟ್ಟೆ ದಾಟೋಕೆ ಅಮ್ಮನಿಗೆ ಮಾತ್ರ ದಿನಾ ಕೈ ಹಿಡೀಬೇಕು.

ಮನೆಗೆ ಐದಕ್ಕೆ ಮೂರೂವರೆ ಕೊಡ್ತೀನಿ. ಮೇಸ್ತ್ರಿಗೆ ಪೂರ್ತಿ ಐದು, ಹೇಳಿದ ದಿನಕ್ಕಿಂತ ಒಂಬತ್ತು ದಿನ ತಡ ಮಾಡಿದರೂ. ಎರಡು ಪರ್ಸೆಂಟ್ ಎಣಿಸಿಕೊಂಡು ಹೋದ ಬ್ರೋಕರ್‌ಗೆ ಒಂದು, ಅದೂ ಇ-ಖಾತೆ ಇರೋ ಮನೆ ತೋರಿಸಿದ್ದಕ್ಕೆ. ನೀವು ಇಂಥ ಮನೆ ನೋಡೋಕೆ ಹೋದರೆ ಸೂರು ಆಮೇಲೆ ನೋಡಿ. ಐವತ್ತಡಿ ಪೈಪು ತಗೊಂಡು ಹೋಗಿ. ಆಗೋದಾದ್ರೆ ಜುಲೈಯಲ್ಲಿ ಹೋಗಿ, ಆಗ ಪೈಪೂ ಬೇಡ.

ಹಿಂದಿನ ಸೈಟಿಗೆ ನಿನ್ನೆ ಮೂರು ಟಿಪ್ಪರ್ ಮಣ್ಣು ಬಂದು ಬಿದ್ದಿದೆ. ನಮ್ಮ ಪೈಪು ಹೋಗೋದು ಆ ಕಡೆಗೇ. ಮೇಸ್ತ್ರಿಗೆ ಫೋನ್ ಮಾಡಿದ್ದೀನಿ, ಭಾನುವಾರ ಬರ್ತೀನಿ ಅಂದಿದ್ದಾನೆ.