ಬರೆಯದ ನಾಟಕಕ್ಕೆ ಸದ್ದು, ಬೆಳಕು: ಕ್ಯೂಲ್ಯಾಬ್ ಬಳಸಿದ ಅನುಭವ

ಬೆಂಗಳೂರಿನ ನಮ್ಮ ಸಣ್ಣ ತಂಡ ತಿಂಗಳಿಗೊಮ್ಮೆ ಕನ್ನಡದಲ್ಲಿ ಇಂಪ್ರಾವ್ ಹಾಸ್ಯದ ಪ್ರದರ್ಶನ ನಡೆಸುತ್ತದೆ. ಬರೆದಿಟ್ಟ ಮಾತು ಒಂದೂ ಇರುವುದಿಲ್ಲ; ಪ್ರೇಕ್ಷಕರು ಕೊಟ್ಟ ಒಂದು ಪದವನ್ನು ಹಿಡಿದು ಅಲ್ಲೇ ದೃಶ್ಯ ಕಟ್ಟಬೇಕು. ತಂಡದಲ್ಲಿ ಆರೇ ಜನರಿರುವುದರಿಂದ ನಾನು ಒಮ್ಮೆ ನಟಿಸುತ್ತೇನೆ, ಇನ್ನೊಮ್ಮೆ ಧ್ವನಿ ಮತ್ತು ಬೆಳಕು ನೋಡಿಕೊಳ್ಳುತ್ತೇನೆ, ಮತ್ತೊಮ್ಮೆ ನಿರ್ದೇಶನಕ್ಕೆ ಕೂರುತ್ತೇನೆ. ಈ ಮೂರೂ ಜಾಗಗಳಿಂದ ಎರಡು ವರ್ಷ ಕಂಡದ್ದನ್ನು ಇಟ್ಟುಕೊಂಡು ಕ್ಯೂಲ್ಯಾಬ್ ಎಂಬ ತಂತ್ರಾಂಶದ ಬಗ್ಗೆ ಬರೆಯುತ್ತಿದ್ದೇನೆ.

ಅಮೆರಿಕದ ಫಿಗರ್ 53 ಸಂಸ್ಥೆಯ ಈ ತಂತ್ರಾಂಶ ಮ್ಯಾಕ್ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತದೆ. ನಾಟಕದ ಧ್ವನಿ ಮತ್ತು ವಿಡಿಯೊಗಳನ್ನು ಮೊದಲಿನಿಂದಲೂ ನಡೆಸುತ್ತಿತ್ತು. 2016ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಿಂದ ದೀಪಗಳನ್ನೂ ನಡೆಸುತ್ತಿದೆ. ಇದರ ಜೀವಾಳವೇ ಪಟ್ಟಿ. ಮೊದಲು ಮಳೆ, ಆಮೇಲೆ ಬಾಗಿಲು ಬಡಿದ ಸದ್ದು, ಆಮೇಲೆ ನೀಲಿ ಬೆಳಕು ಎಂದು ಜೋಡಿಸಿಟ್ಟರೆ, ಸ್ಪೇಸ್ ಕೀಲಿ ಒತ್ತಿದಂತೆಲ್ಲ ಒಂದಾದ ಮೇಲೊಂದು ಬರುತ್ತದೆ. ಬರೆದ ನಾಟಕಕ್ಕೆ ಇದು ತುಂಬ ನೆಮ್ಮದಿಯ ವ್ಯವಸ್ಥೆ. ಆದರೆ ಮುಂದೇನು ಎಂಬುದು ಆಡುವವರಿಗೇ ತಿಳಿದಿರದ ಕಲೆಯಲ್ಲಿ ಆ ಪಟ್ಟಿಯೇ ಕಾಲಿಗೆ ತೊಡಕಾಗುತ್ತದೆ.

ಆ ತೊಡಕನ್ನು ನಾನು ಮೊದಲನೆಯ ಪ್ರದರ್ಶನದಲ್ಲೇ ಅನುಭವಿಸಿದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ತಂದೆ ಮಗಳು ಕೂತಿದ್ದ ದೃಶ್ಯ. ಇಬ್ಬರೂ ಮೆಲುದನಿಯಲ್ಲಿ ಮಾತನಾಡುತ್ತಿದ್ದರು, ಸಭಾಂಗಣ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ಹಿನ್ನೆಲೆಗೆ ಮಳೆ ಬೇಕೆನಿಸಿ ನಾನು ಅವಸರದಲ್ಲಿ ಸ್ಪೇಸ್ ಒತ್ತಿದೆ, ಪಟ್ಟಿಯಲ್ಲಿ ಸರದಿಗೆ ನಿಂತಿದ್ದ ಮದುವೆಯ ನಾದಸ್ವರ ಮೊಳಗಿತು. ನಟರು ಅದನ್ನೂ ಒಪ್ಪಿಕೊಂಡು ಮುಂದುವರಿಸಿದರು, ಜನ ನಕ್ಕರು. ಆದರೆ ಆ ನಗು ನನ್ನ ತಪ್ಪಿಗೆ ಬಂದದ್ದು, ಕಣ್ಣೆದುರು ಮೆಲ್ಲನೆ ಮೂಡುತ್ತಿದ್ದ ತಂದೆ ಮಗಳ ಸಂಬಂಧ ಅಲ್ಲಿಗೇ ಕಡಿದುಹೋಯಿತು.

ಇದಕ್ಕೆ ಪರಿಹಾರ ತಂತ್ರಾಂಶದೊಳಗೇ ಇತ್ತು. ಪಟ್ಟಿಯ ಬದಲು 'ಕಾರ್ಟ್' ಎಂಬ ಚೌಕುಳಿ ಹಲಗೆಯನ್ನು ತೆರೆಯಬಹುದು. ಅದರಲ್ಲಿ ಸರದಿ ಎಂಬುದೇ ಇರುವುದಿಲ್ಲ, ಯಾವ ಗುಂಡಿ ಒತ್ತಿದರೆ ಆ ಸದ್ದು. ಪ್ರತಿಯೊಂದಕ್ಕೂ ಕೀಲಿಮಣೆಯ ಒಂದೊಂದು ಅಕ್ಷರವನ್ನು ಗೊತ್ತು ಮಾಡಬಹುದು. ನಾನು ಹಲಗೆಯಲ್ಲಿ ಇಪ್ಪತ್ತೇ ಸದ್ದುಗಳನ್ನು ಇಟ್ಟುಕೊಂಡಿದ್ದೇನೆ. ನೂರಾರು ಸದ್ದು ತುಂಬಿಕೊಂಡವರು ಹುಡುಕುವುದರಲ್ಲೇ ಕಳೆದುಹೋಗಿ ರಂಗದ ಕಡೆ ನೋಡುವುದನ್ನು ಬಿಡುತ್ತಾರೆ, ಮತ್ತು ತಂತ್ರಜ್ಞ ರಂಗದಿಂದ ಕಣ್ಣು ತೆಗೆದರೆ ಈ ಕಲೆ ನಡೆಯುವುದಿಲ್ಲ.

ಕಳೆದ ವರ್ಷದ ಒಂದು ದೃಶ್ಯವನ್ನು ಹೇಳಿದರೆ ಇದು ಸ್ಪಷ್ಟವಾದೀತು. ಪ್ರೇಕ್ಷಕರೊಬ್ಬರು ಕೊಟ್ಟ ಪದ 'ಕುಕ್ಕರ್'. ಅತ್ತೆಯ ಪಾತ್ರದವರು ಬರಿಗೈಯಲ್ಲೇ ಮುಚ್ಚಳ ತಿರುಗಿಸಿ, ವೆಯ್ಟ್ ಇಟ್ಟು, "ಮೂರು ಕೂಗು ಕೂಗಿದರೆ ಇಳಿಸಮ್ಮ" ಎಂದು ಸೊಸೆಗೆ ಹೇಳಿ ಕೂತರು. ಮೊದಲ ಕೂಗು ಕೊಟ್ಟೆ. ಸೊಸೆ ಬೇರೆ ಮನೆ ಮಾಡುವ ಮಾತನ್ನು ಇನ್ನೇನು ಎತ್ತಬೇಕು, ಅಷ್ಟರಲ್ಲಿ ಎರಡನೆಯದು ಕೊಟ್ಟೆ, ಮಾತು ಅವಳ ಗಂಟಲಲ್ಲೇ ನಿಂತಿತು. ಆಮೇಲೆ ಕೀಲಿಯ ಮೇಲೆ ಬೆರಳಿಟ್ಟುಕೊಂಡು ಕಾದೆ. ಮೂರನೆಯ ಕೂಗನ್ನು ಕೊಡಲಿಲ್ಲ. ಇಬ್ಬರೂ ಒಲೆಯತ್ತ ನೋಡಿದರು, ಮುಖ ಮುಖ ನೋಡಿಕೊಂಡರು, "ಗ್ಯಾಸ್ಕೆಟ್ ಹೋಗಿರಬೇಕು ಅತ್ತೆ" ಎಂದಳು ಸೊಸೆ. ಅಲ್ಲಿಂದ ಮುಂದಿನ ಏಳೆಂಟು ನಿಮಿಷ ಆ ಮನೆಯಲ್ಲಿ ಸೋರಿಹೋಗುತ್ತಿದ್ದ ಎಲ್ಲದರ ಬಗ್ಗೆ ಅವರು ಮಾತನಾಡಿದರು. ಸದ್ದನ್ನು ತಡೆಹಿಡಿದದ್ದು ಅಲ್ಲಿ ನನ್ನ ಪಾಲಿನ ಅಭಿನಯವಾಗಿತ್ತು.

ಕರಾವಳಿಯವರಿಗೆ ಇದು ಹೊಸದೆನಿಸಲಾರದು. ತಾಳಮದ್ದಳೆಯಲ್ಲಿ ಅರ್ಥಧಾರಿಯ ಮಾತು ಅಲ್ಲೇ ಹುಟ್ಟುವಂಥದ್ದು, ಆ ಮಾತು ಸಾಕೆನಿಸಿದಾಗ ಭಾಗವತರು ಮುಂದಿನ ಪದ್ಯ ಎತ್ತಿ ಪ್ರಸಂಗವನ್ನು ಮುಂದೊಯ್ಯುತ್ತಾರೆ. ಶಿಕಾಗೋದಲ್ಲಿ 1959ರಲ್ಲಿ ಆರಂಭವಾದ ಸೆಕೆಂಡ್ ಸಿಟಿಯಂಥ ರಂಗಮಂದಿರಗಳ ಪದ್ಧತಿಯಲ್ಲಿ ದೃಶ್ಯದ ಕೊನೆಯನ್ನು ಸಾರುವುದು ಥಟ್ಟನೆ ಆರುವ ದೀಪ. ಕೀತ್ ಜಾನ್‌ಸ್ಟನ್ ಕೆನಡಾದ ಕ್ಯಾಲ್ಗರಿಯಲ್ಲಿ 1977ರಲ್ಲಿ ಕಟ್ಟಿದ ಲೂಸ್ ಮೂಸ್ ತಂಡದ ಪರಂಪರೆಯಲ್ಲಂತೂ ನಿರ್ದೇಶಕರು ಪ್ರೇಕ್ಷಕರ ಎದುರಿಗೇ ದೃಶ್ಯವನ್ನು ತಡೆದು ತಿದ್ದುವ ಪ್ರಕಾರಗಳಿವೆ. ನಾನು ನಿರ್ದೇಶನಕ್ಕೆ ಕೂತಾಗ ತಂತ್ರಜ್ಞರ ಪಕ್ಕದಲ್ಲೇ ಕೂರುವುದು ಈ ಕಾರಣಕ್ಕೆ. ಭಾಗವತರಲ್ಲಿ ಒಂದಾಗಿರುವ ಕೆಲಸ ನಮ್ಮಲ್ಲಿ ಇಬ್ಬರಿಗೆ ಹಂಚಿಹೋಗಿದೆ, ಮೊಣಕೈ ತಾಗುವಷ್ಟು ಹತ್ತಿರವಿದ್ದರೆ ಮಾತ್ರ ಅದು ಮತ್ತೆ ಕೂಡಿಕೊಳ್ಳುತ್ತದೆ.

ಕ್ಯೂಲ್ಯಾಬ್‌ನಲ್ಲಿ ನಿರ್ದೇಶಕರಿಗೆ ಅತ್ಯಂತ ಉಪಕಾರಿಯಾದ ಕೀಲಿ ಎಸ್ಕೇಪ್. ಒಮ್ಮೆ ಒತ್ತಿದರೆ ಓಡುತ್ತಿರುವ ಸದ್ದೆಲ್ಲ ಮೆಲ್ಲನೆ ತಗ್ಗಿ ನಿಲ್ಲುತ್ತದೆ, ಎರಡು ಸಲ ಬೇಗನೆ ಒತ್ತಿದರೆ ಆ ಕ್ಷಣವೇ ನಿಲ್ಲುತ್ತದೆ. ಒಂದು ಗುಂಪಿನಲ್ಲಿರುವ ಸದ್ದುಗಳಲ್ಲಿ ಯಾವುದನ್ನಾದರೂ ತಾನೇ ಆರಿಸಿ ನುಡಿಸುವ ಸೌಲಭ್ಯವೂ ಇದೆ. ಐದು ಬಗೆಯ ಫೋನ್ ರಿಂಗ್‌ಗಳನ್ನು ಹೀಗೆ ಗುಂಪು ಮಾಡಿದ್ದೇನೆ. ಯಾವುದು ಬರುತ್ತದೆಂದು ನನಗೂ ತಿಳಿದಿರುವುದಿಲ್ಲವಾದ್ದರಿಂದ ನಾನೂ ನಟರಷ್ಟೇ ಎಚ್ಚರದಿಂದ ಕೇಳಿಸಿಕೊಳ್ಳುತ್ತೇನೆ.

ಕೊರತೆಗಳನ್ನೂ ಹೇಳಬೇಕು. ಮ್ಯಾಕ್ ಇಲ್ಲದ ತಂಡಕ್ಕೆ ಇದರ ಬಾಗಿಲು ಮುಚ್ಚಿದ್ದೇ. ನಮ್ಮದೂ ಗೆಳತಿಯೊಬ್ಬರಿಂದ ಎರವಲು ತಂದ ಹಳೆಯ ಲ್ಯಾಪ್‌ಟಾಪ್. ಉಚಿತವಾಗಿ ಸಿಗುವ ರೂಪದಲ್ಲಿ ಎರಡು ಧ್ವನಿಮಾರ್ಗಗಳಷ್ಟೇ ಇವೆ. ಎಡಬಲದ ಎರಡು ಸ್ಪೀಕರುಗಳ ಸಭಾಂಗಣಕ್ಕೆ ಅಷ್ಟು ಸಾಕು. ಬೆಳಕಿಗೆ ಅದರಲ್ಲಿ ಬಿಗಿ ಮಿತಿಯಿದೆ. ಹೆಚ್ಚಿನದು ಬೇಕಾದಾಗ ಪರವಾನಗಿಯನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಪಡೆಯಬಹುದು ಎಂಬುದು ತಿಂಗಳಿಗೊಂದೇ ಪ್ರದರ್ಶನ ಮಾಡುವ ನಮ್ಮಂಥವರಿಗೆ ನಿಜವಾದ ಅನುಕೂಲ. ಆದರೂ ಬೆಳಕನ್ನು ನಾನು ಇದಕ್ಕೆ ಒಪ್ಪಿಸಿಲ್ಲ. ನಟಿಯ ದನಿ ಇಳಿಯುತ್ತಿದ್ದಂತೆ ಅದರ ಜೊತೆಜೊತೆಗೇ ಬೆಳಕನ್ನು ಇಳಿಸಲು ಬೆರಳಿನಡಿ ಜಾರುವ ಫೇಡರ್ ಬೇಕು. ಮೊದಲೇ ಗೊತ್ತುಮಾಡಿದ ಐದು ಸೆಕೆಂಡಿನ ಇಳಿತ ಆ ದನಿಯನ್ನು ಕೇಳಿಸಿಕೊಳ್ಳುವುದಿಲ್ಲ.

ಕೊಳ್ಳುವ ಮಾತು ಆಮೇಲಿರಲಿ, ಮೊದಲು ಉಚಿತ ರೂಪವನ್ನೇ ಹಾಕಿಕೊಂಡು, ಕಾರ್ಟಿನಲ್ಲಿ ಐದೇ ಐದು ಸದ್ದುಗಳನ್ನಿಟ್ಟು, ತಂಡದ ಪ್ರತಿಯೊಬ್ಬ ನಟರನ್ನೂ ತಾಲೀಮಿನಲ್ಲಿ ಒಂದೊಂದು ದಿನ ಆ ಮೇಜಿನ ಹಿಂದೆ ಕೂರಿಸಿ. ನಮ್ಮಲ್ಲಿ ಹಾಗೆ ಕೂತು ಎದ್ದವರು ಮರುವಾರ ರಂಗದ ಮೇಲೆ ಬಾಗಿಲು ತೆರೆಯುವಾಗ ಕೈಯನ್ನು ಹಿಡಿಕೆಯ ಮೇಲೆ ಅರೆಕ್ಷಣ ತಡೆದು ನಿಲ್ಲಿಸಿದರು, ಸದ್ದು ಬರಲು ಜಾಗ ಬಿಟ್ಟರು.