ಶುಂಠಿ ಎಲೆ ಹಳದಿಯಾಯಿತೆಂದು ಯೂರಿಯಾ ಎರಚಬೇಡಿ

ಹುಮನಾಬಾದ್ ಕಡೆಯ ಒಂದು ಎಕರೆ ಎರೆ ಹೊಲ. ಹಿಂದಿನ ವರ್ಷ ಅಲ್ಲಿ ಟೊಮೆಟೊ ಇತ್ತು. ಮೃಗಶಿರಾ ಮಳೆ ಬಿದ್ದ ಮೇಲೆ ಸಪಾಟು ಮಡಿ ಮಾಡಿ ಹಸಿಶುಂಠಿ ಹಾಕಿದರು. ಬೀಜದ ಗಡ್ಡೆ ಎಲ್ಲಿಂದ ಬಂದದ್ದೆಂದು ಗೊತ್ತಿಲ್ಲದ ಮಾಲು. ಚೀಲದಿಂದ ತೆಗೆದು, ಮುರಿದು, ನೇರ ಮಣ್ಣಿಗೆ. ಬುಡಕ್ಕೆ ಕಳಿಯದ ಹಸಿ ಹೆಂಡಿ. ಪುಷ್ಯ ಮಳೆ ಹಿಡಿದು ಮಡಿಯಲ್ಲಿ ನೀರು ನಿಂತಿತು. ವಾರದೊಳಗೆ ಕೆಳಗಿನ ಎಲೆಗಳು ತುದಿಯಿಂದ ಹಳದಿಯಾದವು. ಗೊಬ್ಬರದ ಅಂಗಡಿಯಲ್ಲಿ ಸಿಕ್ಕ ಸಲಹೆ: "ಸಾರಜನಕ ಕಮ್ಮಿ ಬಿದ್ದಿದೆ, ಒಂದು ಚೀಲ ಯೂರಿಯಾ ಎರಚಿ." ಎರಚಿದರು. ಆಶ್ಲೇಷಾ ಮುಗಿಯುವಷ್ಟರಲ್ಲಿ ಅರ್ಧ ಹೊಲ ಒರಗಿತ್ತು. ಹಿಡಿದೆಳೆದರೆ ಗಿಡ ಕೈಗೆ ಬರುತ್ತಿತ್ತು, ಗಡ್ಡೆ ಹಿಸುಕಿದರೆ ನಾರುವ ನೀರು.

ಇದು ಗಡ್ಡೆ ಕೊಳೆ ರೋಗ. ಪಿಥಿಯಂ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಬೀಜದ ಗಡ್ಡೆಯಲ್ಲೂ ಮಣ್ಣಲ್ಲೂ ಇರುತ್ತದೆ. ನಿಂತ ನೀರಲ್ಲಿ ಅದರ ಬೀಜಕಣ ಈಜಿ ಬುಡದಿಂದ ಬುಡಕ್ಕೆ ಹೋಗುತ್ತದೆ. ಕೊಳೆತ ಬೇರು ಯೂರಿಯಾ ಹೀರುವುದಿಲ್ಲ. ಇನ್ನೂ ಗಟ್ಟಿಯಿರುವ ಗಿಡಗಳೋ, ಅದೇ ಯೂರಿಯಾದಿಂದ ಮೆತ್ತಗೆ ಬೆಳೆದು ರೋಗಕ್ಕೆ ಸುಲಭದ ತುತ್ತಾಗುತ್ತವೆ.

ಹಳದಿ ಕಂಡ ಕೂಡಲೇ ಒಂದು ಗಿಡ ಕಿತ್ತು ನೋಡಿ. ಬುಡ ನೀರು ಕುಡಿದಂತೆ ಮೆತ್ತಗಾಗಿದ್ದರೆ ಕೊಳೆ. ಬುಡ ಗಟ್ಟಿಯಿದ್ದು, ಹೊಸ ಎಲೆ ಮಾತ್ರ ಬಿಳಚಿ ನರಗಳು ಹಸಿರಾಗಿಯೇ ಉಳಿದಿದ್ದರೆ ಕಬ್ಬಿಣದ ಕೊರತೆ. ಸುಣ್ಣ ಹೆಚ್ಚಿರುವ ನಮ್ಮ ಎರೆ ಮಣ್ಣಿನಲ್ಲಿ ಇದು ಸಾಮಾನ್ಯ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಸಿಂಪಡಿಸಿದರೆ ಸರಿಹೋಗುತ್ತದೆ. ಎಲೆ ಹಸಿರಿರುವಾಗಲೇ ಸುರುಳಿ ಸುತ್ತಿ ಬಾಡಿದರೆ ಕಾಂಡವನ್ನು ಅಡ್ಡ ಕೊಯ್ದು, ಗಾಜಿನ ಲೋಟದ ತಿಳಿ ನೀರಿನಲ್ಲಿ ಇಳಿಬಿಡಿ. ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾ ಸೊರಗು, ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಎಷ್ಟು ಸುರಿದರೂ ನಿಲ್ಲುವುದಿಲ್ಲ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೆಳೆದ ಹೊಲದಲ್ಲಿ ಶುಂಠಿ ಬೇಡ ಎನ್ನುವುದು ಈ ಸೊರಗಿನ ಭಯಕ್ಕೇ.

ಎರೆ ಹೊಲವೇ ಗತಿಯಾದರೆ 1 ಮೀಟರ್ ಅಗಲ, 30 ಸೆಂ.ಮೀ. ಎತ್ತರದ ಏರುಮಡಿ ಮಾಡಿ, ನಡುವೆ 50 ಸೆಂ.ಮೀ. ಕಾಲುವೆ ಬಿಡಿ, ಕಾಲುವೆಯ ಬಾಯಿ ಹೊಲದ ಹೊರಗೆ ತೆರೆಯಲಿ. ಈ ಕೆಲಸದಲ್ಲಿ ಕೂಲಿ ಉಳಿಸಲು ಹೋಗಬೇಡಿ. ಒಂದೆರಡು ಒಳ್ಳೆ ಮೊಳಕೆಯಿರುವ 20–25 ಗ್ರಾಂ ತುಂಡುಗಳನ್ನು ಲೀಟರಿಗೆ 3 ಗ್ರಾಂ ಮ್ಯಾಂಕೋಜೆಬ್ ಕಲಸಿದ ನೀರಲ್ಲಿ 30 ನಿಮಿಷ ಮುಳುಗಿಸಿ, ನೆರಳಲ್ಲಿ ಮೂರ್ನಾಲ್ಕು ತಾಸು ಆರಿಸಿ, 5 ಸೆಂ.ಮೀ. ಆಳಕ್ಕೆ ಊರಿ. ರೋಗ ತಡೆಯುವ ಟ್ರೈಕೋಡರ್ಮಾ ಎಂಬ ಒಳ್ಳೆ ಶಿಲೀಂಧ್ರವನ್ನು ಇದೇ ಔಷಧಿಯ ಜೊತೆ ಬೆರೆಸಿದರೆ ಅದು ದಂಡ. ಅದನ್ನು ಬೇವಿನ ಹಿಂಡಿಗೆ ಕಲಸಿ ಮಣ್ಣಿಗೆ ಕೊಡಿ. ಮಡಿಯ ಮೇಲೆ ಹಸಿರೆಲೆ ಅಥವಾ ಕಬ್ಬಿನ ರವದಿ ಹೊದಿಸಿ.

ಎಕರೆಗೆ 10–12 ಟನ್ ಪೂರ್ತಿ ಕಳಿತ ತಿಪ್ಪೆಗೊಬ್ಬರ. ಸೂಪರ್ ಫಾಸ್ಫೇಟ್ 125 ಕೆ.ಜಿ. ನಾಟಿಗೇ ಪೂರ್ತಿ. ಪೊಟ್ಯಾಷ್ 33 ಕೆ.ಜಿ.ಯಲ್ಲಿ ಅರ್ಧ ನಾಟಿಗೆ, ಅರ್ಧ 90ನೇ ದಿನಕ್ಕೆ. ಯೂರಿಯಾ 65 ಕೆ.ಜಿ., 45 ಮತ್ತು 90ನೇ ದಿನ ಎರಡು ಪಾಲು, ಪ್ರತಿ ಸಲ ಮಣ್ಣೇರಿಸಿ. ನಾಟಿಗೆ ಯೂರಿಯಾ ಬೇಕಿಲ್ಲ, ಮೊಳಕೆ ಗಡ್ಡೆಯ ಬಲದಿಂದಲೇ ಏಳುತ್ತದೆ.

ಅರಿಶಿಣಕ್ಕೆ ಇದೇ ಲೆಕ್ಕ ಹಚ್ಚಬೇಡಿ. ಅದಕ್ಕೆ ಪೊಟ್ಯಾಷ್ ಎಕರೆಗೆ 80 ಕೆ.ಜಿ. ಬೇಕು, ಯೂರಿಯಾ 52 ಸಾಕು. 45–60 ಸೆಂ.ಮೀ. ಅಂತರದ ಬೋದು, ಗಿಡದಿಂದ ಗಿಡಕ್ಕೆ 25 ಸೆಂ.ಮೀ. ನೀರು ನಿಂತರೆ ಅದಕ್ಕೂ ಕೊಳೆ ತಪ್ಪದು.

ಕೊಳೆ ಈಗಾಗಲೇ ಬಿದ್ದಿದ್ದರೆ ಆ ಬುಡವನ್ನು ಸುತ್ತಲ ಮಣ್ಣಿನ ಸಮೇತ ತೆಗೆದು ಹೊಲದಾಚೆ ಸುಡಿ. ಆ ಗುಂಡಿಗೂ ಅಕ್ಕಪಕ್ಕದ ಮಡಿಗಳಿಗೂ ಲೀಟರಿಗೆ 3 ಗ್ರಾಂ ಮ್ಯಾಂಕೋಜೆಬ್ ನೀರು ತೊಯ್ಯುವಂತೆ ಸುರಿಯಿರಿ. ರೋಗದ ಮಡಿಯ ನೀರು ಇನ್ನೊಂದಕ್ಕೆ ಹರಿಯದಂತೆ ಕಟ್ಟಿ. ಉಳಿದ ಗಡ್ಡೆ ಎಷ್ಟೇ ಚೆಂದ ಕಂಡರೂ ಹಸಿಯಾಗೇ ಮಾರಿಬಿಡಿ, ಬೀಜಕ್ಕೆಂದು ಇಡಬೇಡಿ, ನೆಂಟರಿಗೂ ಕೊಡಬೇಡಿ. ಆ ಹೊಲಕ್ಕೆ ಮೂರು ವರ್ಷ ಜೋಳವೋ ತೊಗರಿಯೋ ಇರಲಿ.